ಮಂಗಳೂರು ಕೋಟೆ ಎಲ್ಲಿ ಹೋಯಿತು? ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಹೋದ ಭಾನುವಾರ ತಂಗಿಯ ಮಗನನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ, ಅಂದರೆ ಟಿಪ್ಪು ಕಟ್ಟಿಸಿದ ಕಾವಲು ಬುರುಜಿಗೆ, ಕರೆದುಕೊಂಡು ಹೋಗಿದ್ದೆ. ಹುಡುಗ ಬೆಂಗಳೂರಿನವನು. ದಡದಡ ಮೆಟ್ಟಿಲು ಹತ್ತಿದವನೇ ತೋಪಿನ ಕಿಂಡಿಯಲ್ಲಿ ಮುಖ ತೂರಿಸಿ ನಿಂತ. ಕಲ್ಲು ಬಿಸಿಲಿಗೆ ಕಾದು ಕೈ ಇಡಲಾಗುತ್ತಿರಲಿಲ್ಲ. ಆಚೆ ಫಲ್ಗುಣಿ ಹೊಳೆ, ತಣ್ಣೀರುಬಾವಿ ಕಡೆ ಹೊರಟ ದೋಣಿ. "ಹಡಗು ಬಂದ್ರೆ ಇಲ್ಲಿಂದಲೇ ಹೊಡೀಬಹುದು ಅಲ್ವಾ ಮಾವ?" ಅಂದ. ಕಟ್ಟಿಸಿದ್ದೇ ಅದಕ್ಕೆ ಅಂದೆ. ಕೆಳಗೆ ಮದ್ದು ಇಡುವ ಜಾಗವನ್ನೂ ತೋರಿಸಿದೆ. "ಮಂಗಳೂರು ಕೋಟೆ ಇಷ್ಟು ಸಣ್ಣದಾ?" ಅಂತ ಕೇಳಿದ.

ಇದು ಕೋಟೆಯಲ್ಲ ಮಾರಾಯ, ಬತ್ತೇರಿ. ಕೋಟೆ ಬೇರೆಯೇ ಇತ್ತು.

ಆ ಇಲ್ಲದ ಕೋಟೆಯ ಬಗ್ಗೆಯೇ ಈ ಪತ್ರ. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದ. ಜೊತೆಗೆ ಫ್ರೆಂಚರಿದ್ದರು, ಅತ್ತ ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾದ ಸುದ್ದಿ ಬಂದದ್ದೇ ತಡ, ಅವರು ಕೈಬಿಟ್ಟರು. ಒಳಗಿದ್ದವರು ಮಳೆಗಾಲ ಕಳೆದರು, ಹಸಿದರು, ಕಾಯಿಲೆ ಬಿದ್ದರು. ಕೊನೆಗೆ 1784ರ ಜನವರಿ 30ರಂದು ಇಂಗ್ಲಿಷ್ ಪಡೆಯ ಕರ್ನಲ್ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದ. ಆಮೇಲೆ ಟಿಪ್ಪು ಆ ಕೋಟೆಯನ್ನೇ ಕೆಡವಿಸಿಬಿಟ್ಟ. ಶತ್ರು ಮತ್ತೆ ಬಂದು ಕೂರುವ ಜಾಗವನ್ನು ಉಳಿಸುವುದು ಯಾಕೆ ಅಂತ ಇರಬೇಕು. ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಕಾಯಲು ಬತ್ತೇರಿ ಎದ್ದದ್ದೂ ಅದೇ ವರ್ಷ.

ತಮಾಷೆ ನೋಡಿ. ಒಳಗೆ ಸಿಕ್ಕಿಹಾಕಿಕೊಂಡಿದ್ದವರಲ್ಲಿ ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ಪಡೆಯವರೂ ಇದ್ದರು. ಆ ಪಡೆ ಹೆಮ್ಮೆಯಿಂದ ಹೇಳಿಕೊಳ್ಳುವ ಯುದ್ಧಗಳ ಪಟ್ಟಿಯಲ್ಲಿ ಇವತ್ತಿಗೂ 'ಮಂಗಳೂರು' ಉಂಟು. ಅದೂ ಕೋಟೆ ಬಿಟ್ಟುಕೊಟ್ಟ ಯುದ್ಧ! ಸೋತವರು ನೆನಪಿಟ್ಟುಕೊಂಡಿದ್ದಾರೆ. ನಾನು ಇದೇ ಊರಿನಲ್ಲಿ ಬೆಳೆದವನು, ಹುಡುಗನಿಗೆ ಕೋಟೆ ನಿಂತಿದ್ದ ನೆಲ ತೋರಿಸಲು ಆಗಲಿಲ್ಲ.

ಟಿಪ್ಪು ಹೆಸರೆತ್ತಿದರೆ ಗಲಾಟೆ ಅಂತ ನನಗೂ ಗೊತ್ತು. ನಾನು ಜಯಂತಿ ಮಾಡಿ ಅನ್ನುತ್ತಿಲ್ಲ, ಪ್ರತಿಮೆಯೂ ಬೇಡ. ಅದೇ 1784ರಲ್ಲಿ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದನ್ನೂ ಫಲಕದಲ್ಲಿ ಬರೆಯಿರಿ. ಬಿಟ್ಟು ಬರೆಯುವುದಾದರೆ ಫಲಕವೇ ಬೇಡ.

ಬತ್ತೇರಿ ಕೇಂದ್ರದ ಪುರಾತತ್ವ ಇಲಾಖೆಗೆ ಸೇರಿದ್ದು, ನಮ್ಮ ಕೈಯಲ್ಲಿಲ್ಲ ಅಂತ ಉತ್ತರ ಬರಬಹುದು. ಸರಿ. ಆದರೆ ಕೋಟೆ ಯಾವ ಇಲಾಖೆಗೂ ಸೇರಿದ್ದಲ್ಲ, ಇಲ್ಲದ್ದಕ್ಕೆ ವಾರಸುದಾರರು ಯಾರು? ನೀವೇ ಆಗಿ. ಹಳೆಯ ನಕಾಶೆ, ಸರ್ವೆ ದಾಖಲೆ ತೆಗೆಸಿ. ಇತಿಹಾಸ ಓದಿಕೊಂಡ ನಾಲ್ಕು ಜನರನ್ನು ಕೂರಿಸಿ, ಗೋಡೆ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅಂತ ಗುರುತು ಹಾಕಿಸಿ. ಕೋಟಿಗಟ್ಟಲೆ ದುಡ್ಡು, ಲೇಸರ್ ಶೋ ಏನೂ ಬೇಡ. ಫುಟ್‌ಪಾತ್‌ನಲ್ಲಿ ಬೇರೆ ಬಣ್ಣದ ಒಂದು ಸಾಲು ಕಲ್ಲು ಕೂರಿಸಿದರೂ ಸಾಕು, ಜನ ಅದರ ಮೇಲೇ ನಡೆದು ನೋಡುತ್ತಾರೆ.

ಹುಡುಗ ದಸರಾ ರಜೆಗೆ ಮತ್ತೆ ಬರುತ್ತೇನೆ ಅಂದಿದ್ದಾನೆ. ಅಷ್ಟರೊಳಗೆ ಕಲ್ಲು ಕೂರದು, ಗೊತ್ತು. ಸರ್ವೆಗೆ ಆದೇಶವಾದರೂ ಆಗಲಿ.

ಇತಿ,
ಮಂಗಳೂರಿನ ಒಬ್ಬ ಮತದಾರ