ಭಾನುವಾರದ ತಲಕಾವೇರಿ ಪ್ರಯಾಣ: ಮ್ಯಾಪ್ ನಂಬಿ ಕಾರು ಬಿಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 5.30ಕ್ಕೆ ಚೆರ್ಕಳದಿಂದ ನಾಲ್ಕು ಕಾರು ಹೊರಡುತ್ತವೆ. ದಾರಿ ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಭಾಗಮಂಡಲ. ಮ್ಯಾಪ್ ಪಾಣತ್ತೂರು-ಕರಿಕೆ ಕಡೆಯಿಂದ ಹತ್ತಿರ ಅಂತ ತೋರಿಸಿದರೂ ತಿರುಗಬೇಡಿ, ಆ ರಸ್ತೆ ಕಿರಿದು, ತಿರುವು ಜಾಸ್ತಿ.

ಹೋದ ವರ್ಷ ಹೀಗೇ ಹತ್ತಿರದ ದಾರಿ ನಂಬಿ ನಾನು ಯಾರದೋ ಅಡಿಕೆ ತೋಟದ ಗೇಟಿನ ಮುಂದೆ ನಿಂತಿದ್ದೆ, ಆಚೆ ನಾಯಿ, ಈಚೆ ನಾವು, ಫೋನು ಮಾತ್ರ ‘ನೇರ ಹೋಗಿ’ ಅಂತಲೇ ಇತ್ತು.

ಜಿಪಿಎಸ್‌ಗೆ ಉಪಗ್ರಹದ ಸಿಗ್ನಲ್ ಸಾಕು, ಆದರೆ ಮ್ಯಾಪ್ ಮೂಡಲು ನೆಟ್ ಬೇಕು. ಘಾಟಿಯಲ್ಲಿ ನೆಟ್ ಹೋದರೆ ನೀಲಿ ಚುಕ್ಕೆ ಖಾಲಿ ಪರದೆಯಲ್ಲಿ ಸುಮ್ನೆ ಓಡಾಡುತ್ತದೆ. ಹಾಗಾಗಿ ಶನಿವಾರ ರಾತ್ರಿಯೇ ಸುಳ್ಯ, ಕೊಡಗಿನ ಮ್ಯಾಪ್ ಆಫ್‌ಲೈನ್ ಇಳಿಸಿಕೊಳ್ಳಿ. ಟ್ರಾಫಿಕ್ ಸುದ್ದಿ ಅದರಲ್ಲಿ ಬರುವುದಿಲ್ಲ, ಅಷ್ಟೇ. ಕಾರ್ ಚಾರ್ಜರ್ ಮರೆಯಬೇಡಿ, ಮ್ಯಾಪ್ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ.

ಫೋನು ಪಕ್ಕದ ಸೀಟಿನವರ ಕೈಯಲ್ಲಿರಲಿ, ಓಡಿಸುವವರು ಮುಟ್ಟಬೇಡಿ. ಸಂಶಯ ಬಂದರೆ ನಿಲ್ಲಿಸಿ ಆಟೋದವರನ್ನು ಕೇಳಿ, ಮಲಯಾಳವೋ ತುಳುವೋ ಏನಾದರೂ ನಡೆಯುತ್ತದೆ ಅಲ್ವಾ! ಸುಳ್ಯದಲ್ಲಿ ಎಲ್ಲರೂ ಸೇರಿದ ಮೇಲೇ ಮುಂದಕ್ಕೆ.

ಯಾವ ಕಾರಿನಲ್ಲಿ ಯಾರು ಮ್ಯಾಪ್ ನೋಡುತ್ತೀರಿ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳು ಒತ್ತಿ ಬಿಡಬೇಡಿ, ಹೆಸರು ಬೇಕು.