ತಲೆಗೆ ಕಟ್ಟುವ ಬ್ಯಾಟರಿಗೆ ನಿಯಮ ಬೇಡವೇ?

ಮಾನ್ಯರೇ,

ಏಕಾಗ್ರತೆ, ನೆನಪಿನ ಶಕ್ತಿ ಹೆಚ್ಚಿಸುತ್ತವೆ ಎಂದು ಹೇಳಿ, ಮಿದುಳಿಗೆ ಮಂದ ವಿದ್ಯುತ್ ಹಾಯಿಸುವ ಟಿಡಿಸಿಎಸ್ ಸಾಧನಗಳನ್ನು ವೈದ್ಯರ ಸಲಹೆಯಿಲ್ಲದೆ ಆನ್‌ಲೈನ್‌ನಲ್ಲಿ ಮಾರುವುದು ಸರಿಯಲ್ಲ.

ಇದು ಜನ ಭಾವಿಸುವಂತೆ ‘ಶಾಕ್ ಟ್ರೀಟ್‌ಮೆಂಟ್’ ಅಲ್ಲ. ಅಲ್ಲಿ ಅರಿವಳಿಕೆ ಕೊಟ್ಟು ಸುಮಾರು 800 ಮಿಲಿಆಂಪಿಯರ್ ಹಾಯಿಸಿದರೆ, ಇಲ್ಲಿ 1ರಿಂದ 2 ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ರೋಗಿಗಳ ಧ್ವನಿಭ್ರಮೆಗೆ (ಇಲ್ಲದ ದನಿ ಕೇಳಿಸುವುದಕ್ಕೆ) ಈ ವಿಧಾನದ ಅಧ್ಯಯನಗಳು ನಡೆದಿವೆ. ಆದರೆ ಸಂಶೋಧಕರು ಎಲೆಕ್ಟ್ರೋಡ್ (ವಿದ್ಯುತ್ ಹಾಯಿಸುವ ಪಟ್ಟಿ) ಇಡುವ ಜಾಗವನ್ನು ತಲೆ ಅಳೆದೇ ಗುರುತಿಸುತ್ತಾರೆ.

ಮನೆಯಲ್ಲಿ ಎಡವುವುದು ಬಹುಪಾಲು ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ಸ್ಪಂಜಿನಲ್ಲೇ. 35 ಚದರ ಸೆಂ.ಮೀ. ಸ್ಪಂಜನ್ನು ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ತೋಯಿಸಿ, ಹನಿ ಸೋರದಷ್ಟು ಹಿಂಡಬೇಕು. ವಿದ್ಯುತ್ ಹಾಯಿಸುವ 20 ನಿಮಿಷದ ನಡುವೆ ಅದು ಅಲ್ಲಲ್ಲಿ ಒಣಗಿದರೆ ವಿದ್ಯುತ್ತೆಲ್ಲ ಒದ್ದೆ ಉಳಿದ ಚೂರು ಜಾಗದಲ್ಲಿ ಹರಿದು ಚರ್ಮ ಸುಡುತ್ತದೆ. ಹೆಚ್ಚು ತೋಯ್ದರೆ ನೀರು ಕೂದಲಿಗೆ ಹರಡಿ, ವಿದ್ಯುತ್ ಗುರಿ ತಪ್ಪುತ್ತದೆ. 9 ವೋಲ್ಟ್ ಬ್ಯಾಟರಿಗೆ ನೇರ ತಂತಿ ಜೋಡಿಸಿಕೊಳ್ಳುವುದಂತೂ ಹುಚ್ಚಾಟ: ಚರ್ಮದ ರೋಧ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿದಂತೆ ವಿದ್ಯುತ್ ಏರುತ್ತಲೇ ಹೋಗುತ್ತದೆ, ತಡೆಯುವ ನಿಯಂತ್ರಕವೇ ಇರುವುದಿಲ್ಲ.

ರೋಧದ ಮಟ್ಟ ತೋರಿಸುವ, ಅದು ಮಿತಿ ಮೀರಿದರೆ ತಾನಾಗಿ ನಿಲ್ಲುವ ಸಾಧನಗಳನ್ನಷ್ಟೇ, ಅದೂ ವೈದ್ಯರ ಚೀಟಿ ಇದ್ದವರಿಗೆ ಮಾತ್ರ ಮಾರುವಂತೆ ಸರ್ಕಾರ ನಿಯಮ ರೂಪಿಸಲಿ. ಮೂರ್ಛೆರೋಗವಿರುವವರು, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಪ್ಲೇಟ್ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು ಎಂಬ ಎಚ್ಚರಿಕೆ ಡಬ್ಬದ ಮೇಲೆ ಕನ್ನಡದಲ್ಲೂ ಅಚ್ಚಾಗಲಿ.

– ಓದುಗ, ಬೆಂಗಳೂರು