ಅವ್ವನ ಗಂಟು ಬಿಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಕಡಿಮೆ ವಸ್ತುಗಳಲ್ಲಿ ಹಗುರವಾಗಿ ಬದುಕುವ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಈಚೆಗೆ ಮೇಲಿಂದ ಮೇಲೆ ಲೇಖನಗಳು ಬರುತ್ತಿವೆ. ವರ್ಷವಿಡೀ ಮುಟ್ಟದ ವಸ್ತುವನ್ನು ಮನೆಯಿಂದ ಹೊರಗೆ ಹಾಕಿ ಎಂಬ ಸಲಹೆ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಎಂಟು ಜನರಿರುವ ಮನೆಯಲ್ಲಿ ಅದನ್ನು ಪಾಲಿಸಲು ಹೋಗಿ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ನಮ್ಮದು ಲಿಂಗಸುಗೂರಿನಲ್ಲಿ ಹಳೆಯ ಮನೆ. ಅವ್ವ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಾನು, ನನ್ನ ಹೆಂಡತಿ, ಮಗಳು. ಮೂರು ವರ್ಷಗಳ ಹಿಂದೆ ನನ್ನ ಅಂಗಿಗಳನ್ನು ಆರಕ್ಕೆ ಇಳಿಸಿದೆ. ಹಳೆಯ ಪಂಚೆ, ಚಾದರ, ಓದಿ ಮುಗಿದ ಪುಸ್ತಕಗಳನ್ನೆಲ್ಲ ಬೇಕೆಂದವರಿಗೆ ಕೊಟ್ಟೆ. ಕಪಾಟು ಅರ್ಧ ಖಾಲಿಯಾಯಿತು, ಮನಸ್ಸಿಗೆ ಹಿತವೂ ಆಯಿತು. ಅದೇ ಹುರುಪಿನಲ್ಲಿ, ಹೋದ ವರ್ಷ ಬೇಸಿಗೆ ರಜೆಯಲ್ಲಿ ಅವ್ವ ಊರಿಗೆ ಹೋಗಿದ್ದಾಗ, ಅಟ್ಟ ಹತ್ತಿದೆ.

ಧೂಳು ಹಿಡಿದ ಒಂದು ಗಂಟು ಸಿಕ್ಕಿತು. ಒಳಗೆ ಬಣ್ಣ ಮಾಸಿದ ಏಳು ಸೀರೆಗಳು, ಅದರಲ್ಲಿ ನಾಲ್ಕು ಇಳಕಲ್ಲಿನವು. ಜೊತೆಗೆ ಎರಡು ಧೋತರ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಯಲ್ಲಿ ಕೂಗುತ್ತ ಬಂದಳು. ಗಂಟು ಕೊಟ್ಟು ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡೆ.

ನಾಲ್ಕು ದಿನಗಳ ಮೇಲೆ ಬಂದ ಅವ್ವ, "ಅಪ್ಪಾ, ಅಟ್ಟದ ಗಂಟನ್ನು ಬಿಸಿಲಿಗೆ ಹಾಕಿದ್ದೀಯೇನು?" ಎಂದು ಕೇಳಿದಳು. ಬಸುರಿಯಾಗಿದ್ದ ತಂಗಿ ಹೆರಿಗೆಗೆ ಮನೆಗೆ ಬರುವವಳಿದ್ದಳು. ಹುಟ್ಟುವ ಕೂಸಿಗೆ ಕೌದಿ ಹೊಲಿಯಲೆಂದು ಅವ್ವ ವರ್ಷಗಳಿಂದ ಬಟ್ಟೆ ಕೂಡಿಟ್ಟಿದ್ದಳು. ಕೌದಿಗೆ ಹೊಸ ಬಟ್ಟೆ ಒಗ್ಗುವುದಿಲ್ಲ. ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಹತ್ತಿ ಬಟ್ಟೆಯೇ ಬೇಕು. ಅದನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಎಂದರೆ ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ ಎಂದು ನಾನು ತಿಳಿದದ್ದು ಅವ್ವ ಮಾಡಬೇಕಿದ್ದ ಕೆಲಸದ ಸಾಮಗ್ರಿಯಾಗಿತ್ತು. ಧೋತರಗಳು ಅಪ್ಪನವು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ.

ಅವ್ವ ಬೈಯಲಿಲ್ಲ. ನಾನು ಎರಡು ವಾರ ಬಸ್ ನಿಲ್ದಾಣದ ಸುತ್ತ, ಸಂತೆಯಲ್ಲಿ ಆ ಪಾತ್ರೆಯವಳನ್ನು ಹುಡುಕಿದೆ. ಸಿಗಲಿಲ್ಲ.

ಅವ್ವ ಏನನ್ನೂ ಬಿಸಾಡುವುದಿಲ್ಲ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಅವಳ ತವರು ತುಂಗಭದ್ರೆಯ ದಂಡೆಯಲ್ಲಿದೆ. 2009ರ ಅಕ್ಟೋಬರ್ ಆರಂಭದಲ್ಲಿ, ಮಂತ್ರಾಲಯ ಮುಳುಗಿದ ಅದೇ ಪ್ರವಾಹದಲ್ಲಿ, ಆ ಮನೆಗೂ ನೀರು ನುಗ್ಗಿ ಅಟ್ಟದ ಮೇಲಿದ್ದದ್ದಷ್ಟೇ ಉಳಿಯಿತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಂಟು ಇಳಿಸಿದೆ.

ಇನ್ನೊಂದು ಮಾತನ್ನು ಅತ್ತಿಗೆ ಹೇಳಿದರು: "ನಿಮ್ಮ ಕಪಾಟು ಖಾಲಿ ನಿಜ. ಕತ್ತರಿ ಬೇಕಾದರೆ, ಕೊಡೆ ಬೇಕಾದರೆ, ನಿಮ್ಮ ಸ್ನೇಹಿತರು ಬಂದರೆ ಹಾಸಲು ಹಾಸಿಗೆ ಬೇಕಾದರೆ ನಮ್ಮ ಕೋಣೆಗೇ ಬರುತ್ತೀರಿ." ಕೂಡಿ ಬಾಳುವ ಮನೆಯಲ್ಲಿ ಒಬ್ಬನ ಖಾಲಿ ಕಪಾಟು ಇನ್ನೊಬ್ಬರ ತುಂಬಿದ ಕಪಾಟನ್ನು ನಂಬಿಕೊಂಡಿರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹಿಂಗಾರಿ ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಬಿಳಿಜೋಳ ಕೊಂಡು, ಬೇವಿನ ಎಲೆ ಬೆರೆಸಿ ಚೀಲ ಕಟ್ಟಿಡುವುದನ್ನೂ, ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರಿಗಾಗಿ ಸಾಲು ಕೊಡಗಳನ್ನೂ ಡ್ರಮ್ಮುಗಳನ್ನೂ ಇಟ್ಟುಕೊಳ್ಳುವುದನ್ನೂ ಅತಿ ಸಂಗ್ರಹವೆಂದು ಕರೆಯಲಾಗದು. ದೊಡ್ಡ ಊರಿನ ಇಬ್ಬರ ಫ್ಲ್ಯಾಟಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಹಾಗೆಂದು ನಾನು ಕಡಿಮೆ ವಸ್ತುಗಳ ಬದುಕನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆಕೆ ಗಂಡನಿಲ್ಲದ ಹೊತ್ತು ನೋಡಿ ಮನೆಯ ಮಡಕೆ ಬರಿದು ಮಾಡಲಿಲ್ಲ. ಒಳಗೆ ಬರುತ್ತಿದ್ದದ್ದನ್ನು ಬಾಗಿಲಲ್ಲಿ, ಅವನ ಎದುರಿಗೇ ತಡೆದಳು ಎಂಬುದನ್ನು ಈಗಷ್ಟೇ ಗಮನಿಸಿದ್ದೇನೆ.

ನಮ್ಮ ಮನೆಯಲ್ಲೂ ಈಗ ಬಾಗಿಲಲ್ಲಿ ತಡೆಯುತ್ತೇವೆ. ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಆಯೇರಿ, ಉಡುಗೊರೆ ತರಬಾರದೆಂದು ಆಮಂತ್ರಣದಲ್ಲೇ ಅಚ್ಚು ಹಾಕಿಸಿದೆವು. ಉಡಿ ತುಂಬುವ ಕಣ (ರವಿಕೆ ಬಟ್ಟೆ), ಕಾಯಿ ಮಾತ್ರ ಇರಲೇಬೇಕು ಎಂದು ಅವ್ವ ಪಟ್ಟು ಹಿಡಿದಳು. ಅದು ವಸ್ತುವಲ್ಲ, ಹಾರೈಕೆ ಎಂಬುದು ಅವಳ ಮಾತು. ನಾವೆಲ್ಲ ಒಪ್ಪಿದೆವು. ಇಂಥ ಲೇಖನ ಬರೆಯುವವರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ನಿಮ್ಮ ವಸ್ತುಗಳಿಂದ ಆರಂಭಿಸಿ, ಬೇರೆಯವರದನ್ನು ಅವರನ್ನು ಕೇಳದೆ ಮುಟ್ಟಬೇಡಿ ಎಂಬ ಸಾಲನ್ನು ಮೊದಲಿಗೇ ಬರೆಯಿರಿ.

ಕೌದಿ ಕೊನೆಗೂ ಆಯಿತು. ನನ್ನ ಕಪಾಟಿನಲ್ಲಿ ಕೊಡಬಹುದಾದ ಒಂದು ಹಳೆಯ ಪಂಚೆಯೂ ಉಳಿದಿರಲಿಲ್ಲ. ಅತ್ತಿಗೆ, ನನ್ನ ಹೆಂಡತಿ ಒಂದೊಂದು ಸೀರೆ ಕೊಟ್ಟರು. ಉಳಿದವನ್ನು ಅವ್ವ ಓಣಿಯ ಮನೆಗಳಲ್ಲಿ ಕೇಳಿ ತಂದಳು. ಅಪ್ಪನ ಧೋತರ ಅದರಲ್ಲಿಲ್ಲ.

— ಒಬ್ಬ ಶಿಕ್ಷಕ, ಲಿಂಗಸುಗೂರು, ರಾಯಚೂರು ಜಿಲ್ಲೆ